ರೀಡರ್ ಕೊಳ್ಳುವ ಮೊದಲು ಕಾರ್ಡನ್ನು ವಿಚಾರಿಸಿ

ಸ್ಮಾರ್ಟ್ ಕಾರ್ಡ್ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಒಳ್ಳೆಯ ರೀಡರ್ ಒಂದರ ಹೆಸರು ಹೇಳಿಬಿಡಿ, ಸಾಕು." ಹೆಸರು ಹೇಳುವುದೇನೂ ಕಷ್ಟವಲ್ಲ. ಆದರೆ ಅದರಲ್ಲಿ ಯಾವ ಕಾರ್ಡನ್ನು ಓದಬೇಕು ಎಂದು ಬರೆದವರು ಬೆರಳೆಣಿಕೆಯಷ್ಟು ಜನ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಚಟ ಈ ಕ್ಷೇತ್ರದಲ್ಲಿ ಬಹಳ. ಟಿಕೆಟ್ ಯಂತ್ರ, ಹಾಜರಾತಿ ಯಂತ್ರಗಳಿಗೆ ತಂತ್ರಾಂಶ ಬರೆಯುತ್ತಲೇ ಕೂದಲು ನರೆಸಿಕೊಂಡವನು ನಾನು. ಈ ಸಲದ ಉತ್ತರಗಳಲ್ಲಿ ಸ್ವಲ್ಪ ಗದರಿಕೆ ಕಂಡರೆ ಮನ್ನಿಸಿ.

ನಮ್ಮ ವಿದ್ಯಾರ್ಥಿಗಳ ಗುರುತಿನ ಕಾರ್ಡನ್ನು ಗೇಟಿನ ಯಂತ್ರಕ್ಕೆ ಹಿಡಿದರೆ ಬೀಪ್ ಎನ್ನುತ್ತದೆ. ಗ್ರಂಥಾಲಯಕ್ಕೆಂದು ಆನ್‌ಲೈನ್‌ನಲ್ಲಿ 13.56 ಮೆಗಾಹರ್ಟ್ಸ್ ರೀಡರ್ ತರಿಸಿದೆವು. ಅದು ಅದೇ ಕಾರ್ಡಿಗೆ ಜಪ್ಪಯ್ಯ ಎಂದರೂ ಸ್ಪಂದಿಸುತ್ತಿಲ್ಲ. ಕಾರ್ಡ್ ಕೊಟ್ಟವರು ಕಾರ್ಡ್ ಸರಿಯಿದೆ ಎನ್ನುತ್ತಾರೆ, ರೀಡರ್ ಮಾರಿದವರು ರೀಡರ್ ಸರಿಯಿದೆ ಎನ್ನುತ್ತಾರೆ.
— ಉಪನ್ಯಾಸಕಿ, ದಾವಣಗೆರೆ

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಕಾರ್ಡೂ ಸರಿ, ರೀಡರೂ ಸರಿ, ಜೋಡಿ ತಪ್ಪು. ನಿಮ್ಮದು ಬಹುಮಟ್ಟಿಗೆ 125 ಕಿಲೋಹರ್ಟ್ಸ್ ಎಂಬ ಬೇರೆಯೇ ರೇಡಿಯೊ ಆವರ್ತನದಲ್ಲಿ ಮಾತಾಡುವ ಹಳೆಯ ಕಾರ್ಡ್. 13.56 ಮೆಗಾಹರ್ಟ್ಸ್ ರೀಡರ್ ಅದರ ಪಾಲಿಗೆ ಇಲ್ಲದಂತೆಯೇ.

ಖಚಿತಪಡಿಸಿಕೊಳ್ಳಲು ಎರಡು ಉಪಾಯಗಳಿವೆ, ಎರಡಕ್ಕೂ ಕಾಸು ಬೇಡ. ಎನ್‌ಎಫ್‌ಸಿ (ಇಂಥ ಕಾರ್ಡುಗಳನ್ನು ಹತ್ತಿರದಿಂದ ಓದುವ ಸೌಲಭ್ಯ) ಇರುವ ಆಂಡ್ರಾಯ್ಡ್ ಮೊಬೈಲ್‌ನ ಬೆನ್ನಿಗೆ ಕಾರ್ಡನ್ನು ಒತ್ತಿ ಹಿಡಿಯಿರಿ. ಫೋನು ಗೊಣಗಲೂ ಇಲ್ಲವೆಂದರೆ ಅದು ಬಹುಮಟ್ಟಿಗೆ 13.56ರ ಕಾರ್ಡ್ ಅಲ್ಲ. ಇಲ್ಲವೇ, ಕತ್ತಲೆಯಲ್ಲಿ ಕಾರ್ಡಿನ ಹಿಂದೆ ಪ್ರಖರವಾದ ಟಾರ್ಚ್ ಹಿಡಿಯಿರಿ. ಕೂದಲೆಳೆಯಂಥ ತಾಮ್ರದ ತಂತಿ ನೂರಾರು ಸುತ್ತು ಸುತ್ತಿದ ದುಂಡನೆಯ ಸುರುಳಿ ಕಂಡರೆ ಅದು 125 ಕಿಲೋಹರ್ಟ್ಸ್. ಕಾರ್ಡಿನ ಅಂಚಿನುದ್ದಕ್ಕೂ ನಾಲ್ಕಾರು ಸುತ್ತಿನ ಚೌಕ ಗೆರೆ ಕಂಡರೆ 13.56. ಮೇಲಿನ ಮುದ್ರಣ ದಟ್ಟವಾಗಿದ್ದರೆ ಬೆಳಕು ಹಾಯುವುದಿಲ್ಲ, ಆಗ ಮೊಬೈಲ್ ಪರೀಕ್ಷೆಯೇ ಗತಿ.

ನಿಮ್ಮ ಕಾರ್ಡಿನ ಹಿಂಬದಿಯಲ್ಲಿ 0012345678 188,24910 ಎಂಬ ಮಾದರಿಯಲ್ಲಿ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಅವು ಎರಡು ಸಂಖ್ಯೆಗಳಂತೆ ಕಂಡರೂ ಒಂದೇ. 188ನ್ನು 65536ರಿಂದ ಗುಣಿಸಿ 24910 ಕೂಡಿಸಿದರೆ 12345678 ಬರುತ್ತದೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಒಂದು ರೀಡರ್ ಹತ್ತಂಕಿಯ ರೂಪವನ್ನು ಕೊಡುತ್ತದೆ, ಇನ್ನೊಂದು ಅಲ್ಪವಿರಾಮದ ರೂಪವನ್ನು, ಮತ್ತೊಂದು ಬೈಟುಗಳನ್ನು ಹಿಂದುಮುಂದು ಮಾಡಿ ಹದಿನಾರರ ಮಾನದಲ್ಲಿ ಕೊಡುತ್ತದೆ. ಗೇಟಿನ ಪಟ್ಟಿಯನ್ನು ಗ್ರಂಥಾಲಯದ ತಂತ್ರಾಂಶಕ್ಕೆ ಹಾಕಿ, ಒಬ್ಬ ವಿದ್ಯಾರ್ಥಿಯ ಹೆಸರೂ ಹೊಂದುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುವವರು ಇಲ್ಲಿಯೇ ಎಡವುವುದು. ಹೊಸ ರೀಡರ್ ಕೊಳ್ಳುವಾಗ ಸಂಖ್ಯೆಯ ರೂಪ ಬದಲಿಸುವ ಸೌಲಭ್ಯ ಇದೆಯೇ ಎಂದು ಕೇಳಿ.

ಗ್ರಂಥಾಲಯಕ್ಕೆ ಕೀಲಿಮಣೆಯಂತೆ ವರ್ತಿಸುವ 125 ಕಿಲೋಹರ್ಟ್ಸ್ ಯುಎಸ್‌ಬಿ ರೀಡರ್ ಧಾರಾಳವಾಗಿ ಸಾಕು. ಕಾರ್ಡ್ ತೋರಿಸಿದರೆ ಕರ್ಸರ್ ಇರುವ ಕಡೆ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತುತ್ತದೆ. ಪ್ರೋಗ್ರಾಂ ಬರೆಯುವ ಗೋಜಿಲ್ಲ. ಆದರೆ ಈ ಜಾತಿಯ ಕಾರ್ಡುಗಳಲ್ಲಿ ಇರುವುದು ಬರೀ ಒಂದು ಸಂಖ್ಯೆ. ಕೇಳಿದವರಿಗೆಲ್ಲ ಅದನ್ನು ಹೇಳುತ್ತದೆ, ನಕಲು ಮಾಡುವುದು ಕ್ಷಣಗಳ ಕೆಲಸ. ಪುಸ್ತಕ ಕೊಡಲು ಬಳಸಿ. ಕ್ಯಾಂಟೀನಿನ ಹಣಕ್ಕೂ ಇದನ್ನೇ ಬಳಸೋಣ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಹೇಳಿದರೆ ಎದ್ದು ನಿಂತು ಬೇಡ ಎನ್ನಿ.

ನಮ್ಮ ಹಾಲು ಉತ್ಪಾದಕರ ಸಂಘದ ಸದಸ್ಯರಿಗೆ ಕಾರ್ಡ್ ಕೊಡಬೇಕೆಂದಿದ್ದೇವೆ. ದಿನದ ಲೀಟರ್, ಫ್ಯಾಟ್, ಬರಬೇಕಾದ ಹಣ ಎಲ್ಲವೂ ಕಾರ್ಡಿನಲ್ಲೇ ಇರಬೇಕು. ಅದೇ ಕಾರ್ಡಿನಿಂದ ಪಶು ಆಹಾರದ ಹಣವೂ ಕಡಿತವಾಗಬೇಕು. ಒಬ್ಬರು ಮೈಫೇರ್ ಕ್ಲಾಸಿಕ್ 1ಕೆ ಕಾರ್ಡುಗಳನ್ನು ಬಹಳ ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
— ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ

ಬೇಡ. ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಕಾಳಜಿ ಹುಟ್ಟಿಸಿದ್ದು ನಿಮ್ಮದು, ಹಾಗಾಗಿ ತುಸು ವಿವರವಾಗಿಯೇ ಬರೆಯುತ್ತೇನೆ.

ಮೈಫೇರ್ ಕ್ಲಾಸಿಕ್ 1994ರ ಕಾರ್ಡ್. 1ಕೆ ಮಾದರಿಯಲ್ಲಿ 16 ವಿಭಾಗಗಳು, ಪ್ರತಿ ವಿಭಾಗದಲ್ಲಿ 16 ಬೈಟುಗಳ ನಾಲ್ಕು ಕೋಣೆಗಳು, ಅವುಗಳಲ್ಲಿ ಕೊನೆಯದು ಬೀಗದ ಕೈಗಳಿಗೆ ಮೀಸಲು. ಇದರ ಗೂಢಲಿಪಿಯ ಹೆಸರು ಕ್ರಿಪ್ಟೊ-1, ಕೀಲಿಯ ಉದ್ದ ಬರೀ 48 ಬಿಟ್. ಒಳಗುಟ್ಟು ಹೊರಬೀಳದಿದ್ದುದೇ ಅದರ ನಿಜವಾದ ರಕ್ಷಣೆಯಾಗಿತ್ತು. 2007ರ ಕೊನೆಗೆ ಕೆಲವು ಸಂಶೋಧಕರು ಚಿಪ್ಪಿನ ಪದರಗಳನ್ನು ಒಂದೊಂದಾಗಿ ಸವೆಸಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಅದರ ಸರ್ಕ್ಯೂಟನ್ನು ಬಯಲಿಗೆಳೆದರು. 2008ರಲ್ಲಿ ನೆದರ್‌ಲೆಂಡ್ಸ್‌ನ ನೈಮೆಗನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಪೂರ್ತಿ ಮುರಿದು ತೋರಿಸಿದರು. ತಯಾರಕರಾದ ಎನ್‌ಎಕ್ಸ್‌ಪಿ ಪ್ರಬಂಧ ಪ್ರಕಟವಾಗದಂತೆ ತಡೆಯಲು ಕೋರ್ಟಿಗೆ ಹೋದರು, ಕೋರ್ಟು ಒಪ್ಪಲಿಲ್ಲ. ಲಂಡನ್ನಿನ ಆಯ್ಸ್ಟರ್ ಪ್ರಯಾಣ ಕಾರ್ಡ್ ಆಗ ಇದೇ ತಳಿಯದಾಗಿತ್ತು, ಆಮೇಲೆ ಬದಲಾಯಿತು. ಇದಾಗಿ ಇಷ್ಟು ವರ್ಷವಾದರೂ ಈ ಕಾರ್ಡನ್ನು ಹಣದ ಕಾರ್ಡ್ ಎಂದು ಮಾರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಬಹುತೇಕ ಮಾರಾಟಗಾರರು ಕಾರ್ಖಾನೆಯಿಂದ ಬಂದ ಕೀಲಿಯನ್ನು, ಅಂದರೆ ಹನ್ನೆರಡು ಎಫ್‌ಗಳನ್ನು, ಬದಲಿಸುವುದೂ ಇಲ್ಲ.

ನಿಮಗೆ ಬೇಕಾದ್ದು ಡೆಸ್‌ಫೈರ್ ಇವಿ2 ಅಥವಾ ಇವಿ3ರಂಥ, ಎಇಎಸ್ ಗೂಢಲಿಪಿ ಇರುವ ಕಾರ್ಡ್. ತುಸು ದುಬಾರಿ, ನಿಜ. ಎಲ್ಲ ಕಾರ್ಡುಗಳಿಗೂ ಒಂದೇ ಕೀಲಿ ಹಾಕಬೇಡಿ ಎಂದು ತಂತ್ರಾಂಶದವರಿಗೆ ಬರಹದಲ್ಲೇ ಹೇಳಿ. ಒಂದು ಮೂಲ ಕೀಲಿಯನ್ನೂ ಆಯಾ ಕಾರ್ಡಿನ ಸಂಖ್ಯೆಯನ್ನೂ ಸೇರಿಸಿ ಪ್ರತಿ ಕಾರ್ಡಿಗೂ ಬೇರೆ ಬೇರೆ ಕೀಲಿ ಹುಟ್ಟಿಸಬೇಕು. ಆಗ ಒಬ್ಬ ಸದಸ್ಯನ ಕಾರ್ಡಿನ ಕೀಲಿ ಹೇಗೋ ಬಯಲಾದರೂ ಇಡೀ ಸಂಘ ಮುಳುಗುವುದಿಲ್ಲ. ಮೂಲ ಕೀಲಿಯನ್ನು ಕಂಪ್ಯೂಟರಿನ ಫೈಲಿನಲ್ಲಿ ಇಡಬಾರದು. ಸಿಮ್ ಗಾತ್ರದ ಸ್ಯಾಮ್ ಎಂಬ ಚಿಪ್‌ನಲ್ಲಿ ಇಟ್ಟು ರೀಡರಿನ ಹೊಟ್ಟೆಯೊಳಗೆ ಕೂರಿಸಬೇಕು. ಎಂದರೆ, ನೀವು ಕೊಳ್ಳುವ ರೀಡರಿನಲ್ಲಿ ಸ್ಯಾಮ್ ಗೂಡು ಇರಬೇಕು. ಬಹಳಷ್ಟು ಅಗ್ಗದ ರೀಡರುಗಳಲ್ಲಿ ಅದು ಇರುವುದೇ ಇಲ್ಲ.

ಇನ್ನು ಬೆಳಗಿನ ಹೊತ್ತಿನ ಸಾಲನ್ನು ನೆನಪಿಸಿಕೊಳ್ಳಿ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಕಾರ್ಡು, ಹಿಂದಿನಿಂದ ತಳ್ಳಾಟ. ಕಾರ್ಡನ್ನು ರೀಡರಿಗೆ ತಾಗಿಸಿ ಬೀಪ್ ಬರುವ ಮೊದಲೇ ಎತ್ತಿಬಿಡುತ್ತಾರೆ. ಆ ಗಳಿಗೆಯಲ್ಲಿ ಕಾರ್ಡು ಹೊಸ ಮೊತ್ತವನ್ನು ಅರ್ಧ ಬರೆದಿರುತ್ತದೆ, ಆಂಟೆನಾದಿಂದ ಬರುತ್ತಿದ್ದ ವಿದ್ಯುತ್ತು ನಿಂತುಹೋಗಿರುತ್ತದೆ. ಈಗ ಕಾರ್ಡಿನಲ್ಲಿರುವುದು ಹಳೆಯ ಮೊತ್ತವೂ ಅಲ್ಲ, ಹೊಸದೂ ಅಲ್ಲ. ಕ್ಲಾಸಿಕ್ ಕಾರ್ಡಿನ ಹಣದ ಕೋಣೆಯಲ್ಲಿ ಅದೇ ಮೊತ್ತವನ್ನು ಮೂರು ಸಲ, ನಡುವಿನದನ್ನು ತಲೆಕೆಳಗು ಮಾಡಿ, ಬರೆದಿಡುತ್ತಾರೆ. ಅದರಿಂದ ಕೆಟ್ಟಿದೆ ಎಂದು ತಿಳಿಯುತ್ತದೆಯೇ ಹೊರತು ಸರಿಯಾದುದು ಯಾವುದು ಎಂದು ತಿಳಿಯುವುದಿಲ್ಲ. ಡೆಸ್‌ಫೈರ್‌ನ ಹಣದ ಫೈಲಿನಲ್ಲಿ ಬರೆದದ್ದೆಲ್ಲ ಪಕ್ಕದ ಪ್ರತಿಯಲ್ಲಿ ಕಾದಿದ್ದು, "ಕಮಿಟ್" ಎಂಬ ಆದೇಶ ಬಂದಾಗ ಮಾತ್ರ ಒಮ್ಮೆಗೇ ಜಾರಿಯಾಗುತ್ತದೆ. ನಡುವೆ ಎತ್ತಿದರೆ ಹಳೆಯದು ಹಾಗೆಯೇ ಉಳಿಯುತ್ತದೆ. ತಂತ್ರಾಂಶ ಒಪ್ಪಿಸಿಕೊಳ್ಳುವ ದಿನ ನೀವೇ ಕಾರ್ಡನ್ನು ಬೇಕೆಂದೇ ಪದೇ ಪದೇ ಬೇಗ ಎತ್ತಿ ನೋಡಿ. ಒಂದು ಸಲವಾದರೂ ಲೆಕ್ಕ ತಪ್ಪಿದರೆ ಹಣ ಪಾವತಿ ಮಾಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಲೀಟರ್, ಫ್ಯಾಟ್ ಎಲ್ಲ ಕಾರ್ಡಿನಲ್ಲಿ ಯಾಕೆ ಇರಬೇಕು? ಸಂಘದ ಕಂಪ್ಯೂಟರಿನಲ್ಲಿ ಹೇಗಿದ್ದರೂ ಇರುತ್ತದೆ. ಕಾರ್ಡ್ ಬರೀ "ಇವರೇ ಸದಸ್ಯ ಸಂಖ್ಯೆ ಇಷ್ಟು" ಎಂದು ಸಾಬೀತು ಮಾಡಿದರೆ ಸಾಲದೇ? ಹಾಗೆ ಮಾಡಿದರೆ ಕಾರ್ಡ್ ಕಳೆದುಹೋದರೆ ಹಣ ಕಳೆದುಹೋಗುವುದಿಲ್ಲ, ಹೊಸ ಕಾರ್ಡ್ ಕೊಟ್ಟರಾಯಿತು. ಮೊತ್ತವನ್ನು ಕಾರ್ಡಿನಲ್ಲೇ ಇಡುವ ಪದ್ಧತಿ ನೆಟ್‌ವರ್ಕ್‌ಗಾಗಿ ಕಾಯಲಾಗದ ಬಸ್, ಮೆಟ್ರೊ ಗೇಟುಗಳಿಗೆ ಹೇಳಿ ಮಾಡಿಸಿದ್ದು. ನಿಮ್ಮ ಸಂಘಕ್ಕೆ ಅದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ರೀಡರನ್ನು ಸ್ಟೀಲ್ ಮೇಜಿನ ಮೇಲೆ ಇಡಬೇಡಿ. ಲೋಹ ಆಂಟೆನಾದ ಶಕ್ತಿಯನ್ನು ನುಂಗುತ್ತದೆ. ಅಡಿಗೊಂದು ಮರದ ಹಲಗೆ ಹಾಕಿ.

ಜಾವಾ ಕಾರ್ಡ್ ಒಂದಕ್ಕೆ ಆಪ್ಲೆಟ್ (ಕಾರ್ಡಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಬರೆದು ತುಂಬಿದೆ. ಸೆಲೆಕ್ಟ್ ಆದೇಶ ಕಳಿಸಿದರೆ 6ಎ82 ಬರುತ್ತದೆ, ನನ್ನ ಸ್ವಂತ ಆದೇಶಕ್ಕೆ 6ಡಿ00. ರೀಡರ್ ಕೆಟ್ಟಿದೆಯೇ? ಬೇರೆ ಯಾವುದು ಕೊಳ್ಳಲಿ?
— ಯುವ ಪ್ರೋಗ್ರಾಮರ್, ಬೆಂಗಳೂರು

ರೀಡರ್ ಕೆಟ್ಟಿದ್ದರೆ ಇಷ್ಟು ಸ್ಪಷ್ಟವಾದ ಬೈಗುಳ ನಿಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ಎರಡು ಬೈಟುಗಳು ಕಾರ್ಡಿನ ಬಾಯಿಂದ ಬಂದವು. ರೀಡರ್ ಬರೀ ಅಂಚೆಯವನು, ಅವನನ್ನು ಬದಲಿಸಿದರೆ ಪತ್ರದ ಒಕ್ಕಣೆ ಬದಲಾಗುವುದಿಲ್ಲ.

6ಎ82 ಎಂದರೆ ಕೇಳಿದ ಫೈಲು ಅಥವಾ ಆಪ್ಲೆಟ್ ಇಲ್ಲ ಎಂದರ್ಥ. ಕಲಿಯುವವರಲ್ಲಿ ಹೆಚ್ಚಿನವರು ತುಂಬುವುದನ್ನೂ ಸ್ಥಾಪಿಸುವುದನ್ನೂ ಒಂದೇ ಎಂದುಕೊಳ್ಳುತ್ತಾರೆ. ಪ್ರೋಗ್ರಾಂ ಕಟ್ಟಿಟ್ಟ ಕ್ಯಾಪ್ ಫೈಲನ್ನು ಕಾರ್ಡಿಗೆ ತುಂಬಿದಾಗ ಪ್ಯಾಕೇಜ್ ಮಾತ್ರ ಒಳಗೆ ಹೋಗಿರುತ್ತದೆ; ಅದರಿಂದ ಆಪ್ಲೆಟ್‌ನ ಒಂದು ಪ್ರತಿಯನ್ನು ಹುಟ್ಟಿಸುವುದು ಬೇರೆಯೇ ಆದೇಶ. ಎರಡಕ್ಕೂ ಬೇರೆ ಬೇರೆ ಎಐಡಿ, ಅಂದರೆ ಗುರುತಿನ ಸಂಖ್ಯೆ. ನೀವು 00 ಎ4 04 00 ಆದೇಶದಲ್ಲಿ ಪ್ಯಾಕೇಜಿನ ಎಐಡಿ ಕಳಿಸುತ್ತಿರಬೇಕು. ಮೊದಲು ಗ್ಲೋಬಲ್‌ಪ್ಲಾಟ್‌ಫಾರ್ಮ್‌ಪ್ರೊ ಎಂಬ ಉಚಿತ ಸಾಧನದಿಂದ ಕಾರ್ಡಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಸಿ ನೋಡಿ. ಸೆಲೆಕ್ಟ್ ವಿಫಲವಾದುದರಿಂದಲೇ ನಿಮ್ಮ ಮುಂದಿನ ಆದೇಶ ಕಾರ್ಡಿನ ವ್ಯವಸ್ಥಾಪಕ ಆಪ್ಲೆಟ್‌ಗೆ ಹೋಗಿ ಬಿದ್ದಿದೆ. ಅದಕ್ಕೆ ಆ ಆದೇಶ ಗೊತ್ತಿಲ್ಲ, 6ಡಿ00 ಎಂದಿದೆ. ಒಂದು ಸರಿಯಾದರೆ ಇನ್ನೊಂದು ತಾನಾಗಿ ಹೋಗುತ್ತದೆ. ಎಲ್ಲ ಸರಿ ಎನ್ನುವ 9000 ಕಂಡ ದಿನ ಒಂದು ಲೋಟ ಕಾಫಿ ಕುಡಿಯಿರಿ.

ಎಚ್ಚರಿಕೆ ವಹಿಸಬೇಕಾದ್ದು ಬೇರೆ ಕಡೆ. ಪರೀಕ್ಷೆಯ ಕಾರ್ಡುಗಳು ಸಾಮಾನ್ಯವಾಗಿ 40, 41, 42 ಎಂದು 4ಎಫ್‌ವರೆಗಿನ ಪ್ರಸಿದ್ಧ ಕೀಲಿಯೊಂದಿಗೆ ಬರುತ್ತವೆ. ನಿಮ್ಮದಕ್ಕೆ ಬೇರೆ ಕೀಲಿ ಇದ್ದು, ನೀವು ಇದನ್ನೇ ಹಾಕಿ ಮತ್ತೆ ಮತ್ತೆ ಪ್ರಯತ್ನಿಸಿದರೆ ಕಾರ್ಡ್ ಶಾಶ್ವತವಾಗಿ ಮುಚ್ಚಿಕೊಳ್ಳಬಹುದು. ಯಾವ ಬುದ್ಧಿವಂತನೂ ತೆರೆಯಲಾರ. ಎರಡನೆಯ ಸಲ ನಿರಾಕರಿಸಿದಾಗಲೇ ಕೈ ತೆಗೆದು, ಮಾರಿದವರಿಂದ ಕೀಲಿ ತರಿಸಿಕೊಳ್ಳಿ. ಹಾಗೆಯೇ, ಬೇಕಾದ ವಸ್ತುಗಳನ್ನೆಲ್ಲ ಆಪ್ಲೆಟ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ಒಮ್ಮೆಗೆ ಸೃಷ್ಟಿಸಿಕೊಳ್ಳಿ. ಪ್ರತಿ ಆದೇಶಕ್ಕೂ ಹೊಸ ಅರೇ ಮಾಡುತ್ತ ಹೋದರೆ ಕಂಪ್ಯೂಟರಿನ ಜಾವಾದಂತೆ ಇಲ್ಲಿ ಕಸ ಗುಡಿಸಲು ಯಾರಾದರೂ ಬರುತ್ತಾರೆಂದು ನಂಬುವಂತಿಲ್ಲ. ಕಾರ್ಡಿನ ಜಾಗ ಮುಗಿದುಹೋಗುತ್ತದೆ. ಜೆಕಾರ್ಡ್‌ಸಿಮ್ ಎಂಬ ಅನುಕರಣ ತಂತ್ರಾಂಶದಲ್ಲಿ ಓಡಿಸಿ ನೋಡಿ ಆಮೇಲೆ ನಿಜವಾದ ಕಾರ್ಡಿಗೆ ಕೈ ಹಾಕಿದರೆ ಎಷ್ಟೋ ಕಾರ್ಡುಗಳ ಜೀವ ಉಳಿಯುತ್ತದೆ.

ರೀಡರ್ ಬಗ್ಗೆ ಕೇಳಿದ್ದೀರಲ್ಲ, ಒಂದು ಸಲಹೆ. ಕಾರ್ಡಿಗೆ ಕಳಿಸುವ ಆದೇಶಕ್ಕೆ ಎಪಿಡಿಯು ಎನ್ನುತ್ತಾರೆ; ಅದರ ಸಾಮಾನ್ಯ ರೂಪದಲ್ಲಿ ಒಮ್ಮೆಗೆ 255 ಬೈಟ್ ಕಳಿಸಬಹುದು, 256 ಬೈಟ್ ಪಡೆಯಬಹುದು. ಡಿಜಿಟಲ್ ಪ್ರಮಾಣಪತ್ರವೊಂದು ಅದಕ್ಕಿಂತ ದೊಡ್ಡದು. ವಿಸ್ತೃತ ಎಪಿಡಿಯು ಬಳಸುವ ಆಸೆಯಿದ್ದರೆ ಕಾರ್ಡ್, ರೀಡರ್ ಎರಡೂ ಅದನ್ನು ಒಪ್ಪಬೇಕು. ಕಲಿಯುವವರ ಮೆಚ್ಚಿನ ಎಸಿಆರ್122ಯು ರೀಡರ್ ಅದನ್ನು ಒಪ್ಪುವುದಿಲ್ಲ. ಡಬ್ಬಿಯ ಮೇಲೆ "ಎಲ್ಲ ಕಾರ್ಡುಗಳಿಗೂ ಹೊಂದುತ್ತದೆ" ಎಂದು ಏನೇ ಬರೆದಿರಲಿ, ತಾಂತ್ರಿಕ ವಿವರ ಪತ್ರದಲ್ಲಿ ಈ ಒಂದು ಸಾಲು ಹುಡುಕಿ.

ಉಬುಂಟುವಿನಲ್ಲಿ ರೀಡರ್ ಚುಚ್ಚಿದರೆ ದೀಪ ಹೊತ್ತುತ್ತದೆ, ಆದರೆ ಪ್ರೋಗ್ರಾಂಗೆ ಕಾಣಿಸುವುದಿಲ್ಲ. ವಿಂಡೋಸ್‌ನಲ್ಲಿ ಚೆನ್ನಾಗಿದೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ರೀಡರ್ ಯಾವುದೆಂದು ನೀವೂ ಬರೆದಿಲ್ಲ! ಮೊದಲು ರೀಡರುಗಳನ್ನು ನೋಡಿಕೊಳ್ಳುವ ಪಿಸಿಎಸ್‌ಸಿಡಿ (pcscd) ಸೇವೆ ಓಡುತ್ತಿದೆಯೇ ನೋಡಿ, ನಂತರ ಪಿಸಿಎಸ್‌ಸಿ_ಸ್ಕ್ಯಾನ್ (pcsc_scan) ಆದೇಶ ಕೊಡಿ. ಅಲ್ಲಿ ಹೆಸರು ಕಂಡರೆ ತಪ್ಪು ನಿಮ್ಮ ಪ್ರೋಗ್ರಾಂನದು. ಜಾವಾ ಆಗಿದ್ದರೆ, ಪಿಸಿಎಸ್‌ಸಿ-ಲೈಟ್ ತಂತ್ರಾಂಶದ ಲೈಬ್ರರಿ ಫೈಲು ಎಲ್ಲಿದೆ ಎಂದು ಅದಕ್ಕೆ ಹಾದಿ ತೋರಿಸಬೇಕಾಗಬಹುದು. ಅಲ್ಲೂ ಹೆಸರು ಕಾಣದೆ, ರೀಡರಿನೊಳಗೆ ಪಿಎನ್532 ಚಿಪ್ ಇದ್ದರೆ, ಕಳ್ಳ ಸಿಕ್ಕಿದ ಹಾಗೆ: ಲಿನಕ್ಸ್ ತಿರುಳಿನ (ಕರ್ನೆಲ್) ಪಿಎನ್533 ಮಾಡ್ಯೂಲ್ ಮೊದಲೇ ಬಂದು ರೀಡರನ್ನು ಹಿಡಿದುಕೊಂಡಿರುತ್ತದೆ. ಅದನ್ನು ನಿಷೇಧ ಪಟ್ಟಿಗೆ ಸೇರಿಸಿ ಮರುಚಾಲನೆ ಮಾಡಿ.

ಮುಂದಿನ ಸಲ ಕೊಳ್ಳುವಾಗ "ಸಿಸಿಐಡಿ" ಎಂಬ ಮಾನಕ ಪಾಲಿಸುವ ರೀಡರನ್ನೇ ಆರಿಸಿ. ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಡ. ಲಿನಕ್ಸ್‌ನ ಸಿಸಿಐಡಿ ಡ್ರೈವರ್ ನೋಡಿಕೊಳ್ಳುವ ಲುಡೊವಿಕ್ ರೂಸೊ ಅವರು ಯಾವ ರೀಡರ್ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬ ಪಟ್ಟಿಯನ್ನು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದಾರೆ. ಅಂಗಡಿಯವನ ಮಾತಿಗಿಂತ ಆ ಪಟ್ಟಿಯನ್ನು ನಂಬಿ.

ನನ್ನದು ಸೈಬರ್ ಕೇಂದ್ರ. ಆಧಾರ್ ಕಾರ್ಡನ್ನು ಚುಚ್ಚಿ ವಿವರ ಓದುವ ರೀಡರ್ ಯಾವುದು? ಚಾಲನಾ ಪರವಾನಗಿಗೂ ಅದೇ ನಡೆಯುತ್ತದೆಯೇ?
— ಓದುಗರು, ಕುಮಟಾ

ಆಧಾರ್‌ನ ಪಿವಿಸಿ ಕಾರ್ಡಿನಲ್ಲಿ ಚಿಪ್ಪೇ ಇಲ್ಲ. ಇರುವುದು ಡಿಜಿಟಲ್ ಸಹಿ ಇರುವ ಕ್ಯೂಆರ್ ಸಂಕೇತ, ಅದಕ್ಕೆ ಕ್ಯಾಮೆರಾ ಸಾಕು. "ಆಧಾರ್ ಚಿಪ್ ರೀಡರ್" ಎಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಚಿಪ್ ಇರುವ ಪರವಾನಗಿಯ ಮಾತು ಬೇರೆ. ಅದರ ಕಾರ್ಯಾಚರಣ ವ್ಯವಸ್ಥೆಗೆ ಸ್ಕೋಸ್ಟಾ ಎಂಬ ಮಾನಕವಿದೆ. ಐಐಟಿ ಕಾನ್ಪುರ ಮತ್ತು ಕೇಂದ್ರ ಸರ್ಕಾರದ ಎನ್‌ಐಸಿ ಸೇರಿ, ಸ್ಮಾರ್ಟ್ ಕಾರ್ಡುಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 7816ರ ಮೇಲೆ ರೂಪಿಸಿದ್ದು. ಚಿನ್ನದ ಬಣ್ಣದ ಸಂಪರ್ಕ ಬಿಲ್ಲೆ ಇದ್ದರೆ ಸಾಮಾನ್ಯ ಯುಎಸ್‌ಬಿ ರೀಡರ್ ಅದರೊಡನೆ ಮಾತಾಡಬಲ್ಲದು. ಆದರೆ ಒಳಗೆ ಬರೆಯುವ ಕೀಲಿಗಳು ಸಾರಿಗೆ ಇಲಾಖೆಯ ಕೈಯಲ್ಲಿರುತ್ತವೆ, ನಿಮ್ಮ ಕೇಂದ್ರಕ್ಕೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಕಚೇರಿಯ ಸರ್ವರಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿಟ್ಟಿದ್ದೇವೆ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಹೊಕ್ಕರೆ ಟೋಕನ್ ಮಾಯ.
— ಲೆಕ್ಕಪರಿಶೋಧಕರು, ಶಿವಮೊಗ್ಗ

ಟೋಕನ್ ಎಂದರೆ ಕಾರ್ಡೂ ರೀಡರೂ ಒಂದೇ ಕವಚದೊಳಗೆ ಸೇರಿಕೊಂಡದ್ದು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸರ್ವರಿಗೆ ಚುಚ್ಚಿದ ರೀಡರ್ ಕಾಣಿಸುವುದಿಲ್ಲ; ನೀವು ಕುಳಿತಿರುವ ಕಂಪ್ಯೂಟರಿನದು ಕಾಣಿಸುತ್ತದೆ. ಕೆಟ್ಟದ್ದೇನೂ ಇಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಟೋಕನನ್ನು ಮನೆಗೆ ಒಯ್ದು ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ, ಸಂಪರ್ಕದ ಆಯ್ಕೆಗಳಲ್ಲಿ ಸ್ಮಾರ್ಟ್ ಕಾರ್ಡ್‌ಗೆ ಗುರುತು ಹಾಕಿ. ಅಂದಹಾಗೆ, ಸಹಿಯ ಟೋಕನನ್ನು ಹಗಲು ರಾತ್ರಿ ಸರ್ವರಿಗೆ ಚುಚ್ಚಿಡುವುದು ನಿಮ್ಮ ಕಕ್ಷಿದಾರರಿಗೆ ಗೊತ್ತಿದೆಯೇ?

ರೀಡರ್ ಕೊಳ್ಳುವ ಬದಲು ಮೊಬೈಲನ್ನೇ ಬಳಸಬಹುದಲ್ಲವೇ? ಹಾಗೆಯೇ, ನೌಕರರ ಮೊಬೈಲೇ ಕಾರ್ಡ್ ಆಗಬಾರದೇ?
— ಸಣ್ಣ ಉದ್ದಿಮೆದಾರರು, ಉಡುಪಿ

ಓದಲು ಬಳಸಬಹುದು, ಮತ್ತೆ ಕಾರ್ಡ್ ಯಾವುದು ಎಂಬುದರ ಮೇಲೆ ನಿಂತಿದೆ. ಡೆಸ್‌ಫೈರ್‌ನಂಥ ಕಾರ್ಡುಗಳನ್ನು ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನುಗಳು ಓದುತ್ತವೆ. ಐಫೋನ್ ಕೂಡ ಐಒಎಸ್ 13ರಿಂದ ಓದುತ್ತದೆ. ಮೈಫೇರ್ ಕ್ಲಾಸಿಕ್ ಆದರೆ ಆಂಡ್ರಾಯ್ಡ್‌ನಲ್ಲಿ ಒಳಗಿನ ಎನ್‌ಎಫ್‌ಸಿ ಚಿಪ್ ಯಾರದು ಎಂಬುದನ್ನು ಅವಲಂಬಿಸಿ ಕೆಲವು ಫೋನು ಓದುತ್ತವೆ, ಕೆಲವು ಓದುವುದಿಲ್ಲ. ಐಫೋನ್ ಓದುವುದೇ ಇಲ್ಲ.

ಮೊಬೈಲನ್ನೇ ಕಾರ್ಡ್ ಮಾಡುವುದು ಆಂಡ್ರಾಯ್ಡ್ 4.4ರಿಂದ ಸಾಧ್ಯವಿದೆ. ಆದರೆ ನಿಮ್ಮ ಹಾಜರಾತಿ ತಂತ್ರಾಂಶ ಕಾರ್ಡಿನ ಯುಐಡಿ, ಅಂದರೆ ಚಿಪ್ಪಿನ ಗುರುತಿನ ಸಂಖ್ಯೆ, ನೋಡಿ ಆಳನ್ನು ಗುರುತಿಸುವಂಥದ್ದಾದರೆ ಸಂಜೆಯೊಳಗೆ ಗಲಾಟೆಯಾಗುತ್ತದೆ. ಫೋನುಗಳು ಸಾಮಾನ್ಯವಾಗಿ ಪ್ರತಿ ಸಲವೂ 08ರಿಂದ ಶುರುವಾಗುವ ಹೊಸ ಹೊಸ ಯುಐಡಿ ತೋರಿಸುತ್ತವೆ, ಬೇಕೆಂದೇ. ಆಪ್ಲೆಟ್‌ಗೆ ಮಾಡುವಂತೆಯೇ ಸ್ವಂತ ಎಐಡಿ ಇಟ್ಟು, ಸೆಲೆಕ್ಟ್ ಮಾಡಿ, ಒಂದು ಸವಾಲು ಕಳಿಸಿ ಸಹಿ ಹಾಕಿದ ಉತ್ತರ ಪಡೆಯುವ ತಂತ್ರಾಂಶವಾಗಿದ್ದರೆ ಫೋನೂ ಆದೀತು, ಕಾರ್ಡೂ ಆದೀತು. ನಿಮ್ಮ ತಂತ್ರಾಂಶ ಯಾವ ಬಗೆಯದು ಎಂದು ತಿಳಿಯಲು ಒಬ್ಬ ನೌಕರನ ಫೋನಿಗೆ ಪರೀಕ್ಷೆಯ ಆ್ಯಪ್ ಹಾಕಿಸಿ, ಯಂತ್ರದ ಮುಂದೆ ಎರಡು ಸಲ ಹಿಡಿಸಿ, ದಾಖಲೆ ತೆರೆದು ನೋಡಿ. ಎರಡು ಸಲಕ್ಕೂ ಬೇರೆ ಬೇರೆ ಸಂಖ್ಯೆ ಬಿದ್ದಿದ್ದರೆ, ತಂತ್ರಾಂಶ ಬರೆದವರಿಗೆ ಫೋನ್ ಮಾಡಿ, ರೀಡರ್ ಮಾರಿದವರಿಗಲ್ಲ.